ಸಣ್ಣ ಕೋಣೆಗೊಂದು ಆಂಪ್ಲಿಫೈಯರ್

ನಮ್ಮಣ್ಣನ ಬಗ್ಗೆ ಹೇಳು ಅಂದರೆ ಮೊದಲು ಅವನ ಗಂಟಲಿನ ವಿಷಯ ಹೇಳಬೇಕು. ಮೆಲ್ಲಗೆ ಅನ್ನೋ ಮಾತೇ ಆ ಗಂಟಲಿಗೆ ಗೊತ್ತಿಲ್ಲ. ಪಕ್ಕದಲ್ಲೇ ಕೂತು ನೀರು ಕೇಳಿದರೂ ಬೀದಿಯ ಆ ತುದಿಯವರು ಲೋಟ ಹಿಡ್ಕೊಂಡು ಓಡಿ ಬರಬೇಕು, ಹಾಗೆ ಕೂಗ್ತಾನೆ. ಮಿಲ್ಲಿನ ಗಂಟಲು ಅದು, ಏನು ಮಾಡೋಕಾಗತ್ತೆ?

ಮೀಸೆ ಮೂಡೋ ವಯಸ್ಸಿಗೆ ಬಟ್ಟೆ ಮಿಲ್ಲಿಗೆ ಸೇರಿದ. ಮಗ್ಗ ರಿಪೇರಿ ಮಾಡೋ ಫಿಟ್ಟರ್. ತಲೆ ಬೆಳ್ಳಗಾಗೋವರೆಗೂ ಅಲ್ಲೇ ದುಡಿದ. ಮಗ್ಗಗಳು ಓಡೋವಾಗ ಅಲ್ಲಿ ಕಿವಿ ಹತ್ತಿರ ಬಂದು ಕಿರುಚಿದರೂ ಕೇಳಲ್ಲ. ಅದಕ್ಕೇ ಮಿಲ್ಲಿನವರೆಲ್ಲ ತುಟಿ ನೋಡಿ ಮಾತಾಡ್ತಾರೆ. ದನಿ ಹೊರಡಿಸೋದೇ ಇಲ್ಲ. ಶೆಡ್ಡಿನ ಆ ಕೊನೆಯಿಂದ ಈ ಕೊನೆಗೆ ಬರೀ ತುಟಿ ಆಡಿಸಿ ಮನೆ ಸುದ್ದಿ ಹೇಳ್ತಾರೆ, ಮೇಸ್ತ್ರಿಯನ್ನ ಅವನ ಬೆನ್ನ ಹಿಂದೆಯೇ ಬೈದು ನಗ್ತಾರೆ. ಅಣ್ಣ ಅದರಲ್ಲಿ ಎತ್ತಿದ ಕೈ.

ಮದುವೆ ಆಗು ಅಂತ ಅಮ್ಮ ಹೇಳಿ ಹೇಳಿ ಸೋತಳು. ನನ್ನ ಗಂಡ ತೀರಿಕೊಂಡ ಮೇಲೆ ನನ್ನನ್ನೂ ನನ್ನ ಹೊಲಿಗೆ ಮಿಷನ್ನನ್ನೂ ಕರ್ಕೊಂಡು ಬಂದು ಮುಂದಿನ ಕೋಣೆ ಬಿಟ್ಟುಕೊಟ್ಟ. ಹಿಂದಿನ ಸಣ್ಣ ಕೋಣೆಯಲ್ಲಿ ಅವನು, ಅವನ ಮಂಚ, ಮಂಚದ ಕೆಳಗೆ ಒಂದು ಎಲೆಕ್ಟ್ರಿಕ್ ಗಿಟಾರ್. ಸೋಫಾ ಬಟ್ಟೆ ಮಿಕ್ಕಿದ್ದರಲ್ಲಿ ಅದಕ್ಕೆ ಗವಸು ಹೊಲಿದುಕೊಟ್ಟವಳು ನಾನೇ. ಹುಡುಗಾಟದ ದಿನಗಳಲ್ಲಿ ಗೆಳೆಯರ ಜೊತೆ ಸೇರಿ ಆರ್ಕೆಸ್ಟ್ರಾ ಕಟ್ಟಿದ್ದ. ಗುಂಪು ಒಡೆದಾಗ ಎಲ್ಲರ ಆಂಪ್ಲಿಫೈಯರನ್ನ ಡ್ರಮ್ಮಿನವನು ಹೊತ್ತುಕೊಂಡು ಹೋದ, ಆಸಾಮಿ ಪತ್ತೆಯೇ ಇಲ್ಲ. "ರಿಟೈರ್ ಆಗ್ಲಿ ಕಣೇ, ಬೆಳಗ್ಗೆಯಿಂದ ಸಂಜೆವರೆಗೂ ನುಡಿಸ್ತೀನಿ" ಅಂತಿದ್ದ. ಇನ್ನೊಂದು ಆಸೆ ಅವನ ಬಾಯಲ್ಲಿ ನಾನು ಕೇಳಿಯೇ ಇಲ್ಲ.

ರಿಟೈರ್ ಆದ. ಹೊಸ ತಂತಿ ಹಾಕಿದ, ಮಂಚದ ಮೇಲೆ ಕೂತು ಮೀಟಿದ. ಮುಖ ಸಿಂಡರಿಸಿ, "ಥೂ, ಜೀವಾನೇ ಇಲ್ಲ. ಎಲೆಕ್ಟ್ರಿಕ್ ಗಿಟಾರ್ ಹಾಗೇ, ಆಂಪ್ಲಿಫೈಯರ್ ಇಲ್ದಿದ್ರೆ ಮೂಕ" ಅಂದ. ನನ್ನ ಮಿಷನ್ ಸದ್ದಿನ ಮಧ್ಯೆಯೂ ಮುಂದಿನ ಕೋಣೆಗೆ ಸಣ್ಣಗೆ ಟಿಣ್ ಟಿಣ್ ಕೇಳ್ತಿತ್ತು. ಆದರೂ ಹೂಂ ಅಂದೆ. ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ ಅಂತ ಚಿಕ್ಕಂದಿನಿಂದ ಆಡಿಸ್ಕೊಂಡವಳು ನಾನು.

ಮಾರನೇ ದಿನ ಆಂಪ್ಲಿಫೈಯರ್ ಕೊಳ್ಳೋಕೆ ಇಬ್ಬರೂ ಹೊರಟೆವು. ಹೊಸ ಷರ್ಟು, ಹೆಗಲಿಗೆ ಗಿಟಾರ್, ಮದುಮಗನ ಕಳೆ ಮುಖದಲ್ಲಿ. ಅಂಗಡಿಯವನು ಕೂದಲಿಗೆ ಜುಟ್ಟು ಹಾಕಿದ ಚಿಕ್ಕ ವಯಸ್ಸಿನವನು, ಒಳ್ಳೆಯವನೇ. "ಎಲ್ಲಿ ನುಡಿಸ್ತೀರಾ ಸರ್?" ಅಂದ.

"ಸಣ್ಣ ಕೋಣೆ. ಅಭ್ಯಾಸಕ್ಕೆ."

"ಹಾಗಾದ್ರೆ ದೊಡ್ಡದು ದಂಡ ಸರ್. ಕೋಣೇಲಿ ಪೂರ್ತಿ ಜೋರು ಮಾಡೋಕೇ ಆಗಲ್ಲ. ಕಮ್ಮಿ ಸೌಂಡಲ್ಲಿ ಯಾವುದು ಚೆನ್ನಾಗಿ ಕೇಳಿಸತ್ತೋ ಅದನ್ನ ಆರಿಸ್ಕೊಳ್ಳಿ" ಅಂತ ಹೇಳಿ ಮೂರು ಪೆಟ್ಟಿಗೆ ಸಾಲಾಗಿ ಇಟ್ಟ. ಮೊದಲನೇದು ಊಟದ ಡಬ್ಬಿಯಷ್ಟಿತ್ತು.

ಅಣ್ಣ ವೈರು ಚುಚ್ಚಿ ನುಡಿಸಿದ. ಅಬ್ಬಾ, ಆ ಬೆರಳುಗಳು! ಇಷ್ಟು ವರ್ಷ ಸ್ಪ್ಯಾನರ್ ಹಿಡಿದ ಕೈ ಒಂದನ್ನೂ ಮರೆತಿರಲಿಲ್ಲ. ನನ್ನಂಥ ಕತ್ತೆಗೂ ಮೈ ಜುಮ್ಮೆಂದಿತು. ಅವನು ಮಾತ್ರ ತಲೆ ಕೊಡವಿದ. "ಇದು ಕೆಟ್ಟಿದೆ."

ಎರಡನೇದು. "ಇದೂ ಅಷ್ಟೇ. ಸಣ್ಣ ತಂತಿಗಳು ಬರ್ತಾನೇ ಇಲ್ವಲ್ರೀ."

ಅಂಗಡಿಯವನು ವೈರು ಬದಲಾಯಿಸಿದ. ಮತ್ತೆ ಬದಲಾಯಿಸಿದ. ಮೂರನೇದು ಎಲ್ಲಕ್ಕಿಂತ ದೊಡ್ಡದು. ಅಣ್ಣ ಅದರ ಗುಂಡಿಯನ್ನ ಕೊನೆವರೆಗೂ ತಿರುಗಿಸಿದ. ಕಿಟಕಿ ಗಾಜು ಗಡಗಡ ಅಂತು, ಬೀದಿಯಲ್ಲಿ ಹೋಗ್ತಿದ್ದ ಹೆಂಗಸೊಬ್ಬಳು ಕಿವಿ ಮುಚ್ಕೊಂಡಳು. ಅಣ್ಣನ ಮುಖ ಅರಳಿತು. "ಹಾಂ, ಈಗ ಸ್ವಲ್ಪ! ದಪ್ಪ ತಂತಿ ಬಂತು. ಸಣ್ಣವು ಇನ್ನೂ ಇಲ್ಲ, ನೋಡ್ರೀ."

ಅಂಗಡಿಯವನು ಗುಂಡಿ ಇಳಿಸಿ ನನ್ನ ಪಕ್ಕ ಬಂದು ನಿಂತ. ಅಣ್ಣ ಎದುರಿಗೇ ಇದ್ದ. ಅವನಿಗೆ ಕೇಳಿಸಬಾರದು ಅಂತ, ಪಾಪ, ಬರೀ ಉಸಿರಲ್ಲಿ ಹೇಳಿದ: "ಅಮ್ಮಾ, ಪೆಟ್ಟಿಗೆಗಳೆಲ್ಲ ಸರಿಯಾಗೇ ಇವೆ. ಅವರಿಗೆ ಕಿವಿ ಹೋಗಿದೆ."

ಪಿಸುಮಾತು ಹೇಳಿದ್ದು ಯಾರ ಎದುರಿಗೆ! ಆ ತುಟಿಗಳ ಮೇಲೆ ನಿಂತ ಅಣ್ಣನ ಕಣ್ಣು ಕದಲಲಿಲ್ಲ.

ನಿಜ ಹೇಳ್ತೀನಿ, ಅವನಿಗೇ ಗೊತ್ತಿರಲಿಲ್ಲ. ನಮಗೂ ಗೊತ್ತಿರಲಿಲ್ಲ. ಹೇಗೆ ಗೊತ್ತಾಗಬೇಕು? ಎದುರಿಗೆ ನಿಂತು ಏನು ಕೇಳಿದರೂ ತಟ್ಟನೆ ಉತ್ತರ ಕೊಡ್ತಿದ್ದ. ಹಿಂದಿನಿಂದ ಕರೆದರೆ ತಿರುಗ್ತಿರಲಿಲ್ಲ, ಅದನ್ನ ಜಂಬ ಅಂದ್ಕೊಂಡೆವು. ಕಣ್ಣಲ್ಲಿ ನೋಡಿದ್ದನ್ನೇ ಕೇಳಿದೆ ಅಂದ್ಕೊಂಡು ಅಷ್ಟು ವರ್ಷ ಬದುಕಿದ್ದ ನನ್ನಣ್ಣ. ಗಿಟಾರಿಗೆ ತುಟಿ ಎಲ್ಲಿಂದ ಬರಬೇಕು?

ಅವನು ಸ್ಟೂಲಿನ ಮೇಲೆ ಕೂತ. ಗಿಟಾರ್ ತೊಡೆಯ ಮೇಲೇ ಇತ್ತು.

"ನಿನಗೆ ಕೇಳಿಸ್ತಾ?" ಅಂದ. ಮೊದಲ ಸಲ ಆ ಗಂಟಲು ತಗ್ಗಿತ್ತು.

"ಕೇಳಿಸ್ತು ಅಣ್ಣ."

"ಎಲ್ಲಾ ತಂತೀನೂ?"

"ಎಲ್ಲಾ."

"ಆ ಡಬ್ಬೀಲೂ?"

"ಅದರಲ್ಲೇ ಚೆನ್ನಾಗಿತ್ತು."

ಸುಳ್ಳು ಹೇಳಬಹುದಿತ್ತು. ಬಾಯಿಗೆ ಬರಲಿಲ್ಲ. ಹಾಳಾದ ಮಿಲ್ಲು, ಕಿವಿಗೆ ಇಟ್ಟುಕೊಳ್ಳೋಕೆ ಎರಡು ಉಂಡೆ ಹತ್ತಿ ಕೊಟ್ಟಿದ್ದರೆ ಅವರ ಗಂಟು ಏನು ಹೋಗ್ತಿತ್ತು?

ಅಣ್ಣ ಎದ್ದ. ವೈರು ಕಿತ್ತು ಆ ಚಿಕ್ಕ ಪೆಟ್ಟಿಗೆಗೇ ಚುಚ್ಚಿದ. ಅಂಗಡಿಯವನಿಗೆ, "ಕಮ್ಮಿ ಸೌಂಡಲ್ಲಿ ಇಡಪ್ಪ, ಕೋಣೇಲಿ ಇಟ್ಟ ಹಾಗೆ" ಅಂದ. ಸ್ಟೂಲನ್ನ ನನ್ನ ಎದುರಿಗೆ ಎಳ್ಕೊಂಡ, ಮೊಣಕಾಲಿಗೆ ಮೊಣಕಾಲು ತಾಗೋಷ್ಟು ಹತ್ತಿರ. "ಕೂತ್ಕೋ. ನನ್ನನ್ನೇ ನೋಡ್ತಿರು. ಮುಖ ತಿರುಗಿಸಬೇಡ."

ನುಡಿಸೋಕೆ ಶುರು ಮಾಡಿದ. ಬೆರಳುಗಳ ಕಡೆ ಒಂದು ಸಲವೂ ನೋಡಲಿಲ್ಲ. ನನ್ನ ಮುಖವನ್ನೇ ನೋಡ್ತಿದ್ದ. ಅವನು ಏನು ಮಾಡ್ತಿದ್ದಾನೆ ಅಂತ ಆಗ ನನಗೆ ಹೊಳೆಯಿತು. ಹಾಡು ಹೇಗೆ ಬರ್ತಿದೆ ಅಂತ ನನ್ನ ಮುಖದಲ್ಲಿ ಓದ್ತಿದ್ದ. ನಾನು ಹುಬ್ಬು ಎತ್ತಿದರೆ ಇನ್ನೂ ನಾಜೂಕಾಗಿ ಮೀಟ್ತಿದ್ದ, ನಕ್ಕರೆ ನಗ್ತಿದ್ದ.

ಸಣ್ಣ ತಂತಿಗಳ ಮೇಲೆ ಹಾಡು ಮೇಲೇರಿತು. ದೇವರೇ, ಎಷ್ಟು ಚೆನ್ನಾಗಿತ್ತು! ಹಲ್ಲು ಕಚ್ಚಿ ಹಿಡ್ಕೊಂಡೆ. ಅಳಬಾರದು, ಇವನ ಎದುರಿಗೆ ಈಗ ಮಾತ್ರ ಅಳಬಾರದು ಅಂತ ಎಷ್ಟು ತಡೆದರೂ ಕಣ್ಣು ನನ್ನ ಮಾತು ಕೇಳಲಿಲ್ಲ, ನೀರು ಕೆನ್ನೆಗೆ ಇಳಿಯಿತು.

ಅಣ್ಣ ಥಟ್ಟನೆ ಕೈ ನಿಲ್ಲಿಸಿದ.

"ಎಲ್ಲಿ ತಪ್ಪಿದೆ, ಹೇಳೇ?" ಅಂದ.