ಸೈಕಲ್ ಬುಟ್ಟಿಯಲ್ಲಿ ಬಂದ ಮದ್ದು

ಪೆನಿಸಿಲಿನ್ನಿನ ಚರಿತ್ರೆ ಬರೆಯುವವರು ದೊಡ್ಡ ವಿಜ್ಞಾನಿಗಳನ್ನು ನೆನೆಯುತ್ತಾರೆ. ಬೂಷ್ಟನ್ನು ಆಸ್ಪತ್ರೆಯ ಬೆಡ್‌ಪ್ಯಾನುಗಳಲ್ಲಿ ಬೆಳೆಸಿ, ಸೋಸಿ, ಚಿಟಿಕೆಯಷ್ಟು ಕಂದು ಪುಡಿ ಮಾಡಿಕೊಟ್ಟ ಕೈಗಳ ಸುದ್ದಿ ಎತ್ತುವವರು ಕಡಿಮೆ. ನಮ್ಮೂರು ಆಕ್ಸ್‌ಫರ್ಡಿನ ಪ್ರಯೋಗಾಲಯವೊಂದರಲ್ಲಿ ಮೂವತ್ತೊಂದು ವರ್ಷ ದುಡಿದು ಈ ತಿಂಗಳು ನಿವೃತ್ತರಾಗುತ್ತಿರುವ ಕುಮಾರಿ ಎನಿಡ್ ಥ್ಯಾಕ್ರಾ ಅವರವು ಅಂಥ ಕೈಗಳು.

ಯುದ್ಧದ ಆ ದಿನಗಳಲ್ಲಿ ಮದ್ದು ಎಷ್ಟು ಅಪರೂಪವಾಗಿತ್ತೆಂದರೆ, ರೋಗಿಯ ಮೂತ್ರದಲ್ಲಿ ಹೊರಬಂದದ್ದನ್ನೂ ಬಿಡುವಂತಿರಲಿಲ್ಲ. ಇಪ್ಪತ್ತರ ಹರೆಯದ ಎನಿಡ್ ಅವರು ದಿನವೂ ಸೈಕಲ್ ತುಳಿದು ಆಸ್ಪತ್ರೆಗೆ ಹೋಗಿ, ಬಾಟಲಿಗಳನ್ನು ಬುಟ್ಟಿಯಲ್ಲಿಟ್ಟು ತಂದು, ಮೂತ್ರದಿಂದ ಮದ್ದನ್ನು ಮತ್ತೆ ಬೇರ್ಪಡಿಸುತ್ತಿದ್ದರು. ನೆನೆದರೆ ಇಂದಿಗೂ ಮೈ ಜುಮ್ಮೆನ್ನುತ್ತದೆ.

1941ರ ಮಾರ್ಚ್‌ನಲ್ಲಿ, ಹೆರಿಗೆಯ ನಂತರ ನಂಜೇರಿ ಮಲಗಿದ್ದ ಬಸ್ ಕಂಡಕ್ಟರ್ ನೋರಾ ಪ್ಲಮ್ಲಿ ಅವರ ಜ್ವರ ಈ ಮದ್ದಿನಿಂದ ಇಳಿಯತೊಡಗಿತ್ತು. ನಿಲ್ಲಿಸಿದರೆ ಜೀವ ಉಳಿಯುವಂತಿರಲಿಲ್ಲ. ಸಂಜೆಯ ಚುಚ್ಚುಮದ್ದು ಅವರ ಬೆಳಗಿನ ಮೂತ್ರದ ಬಾಟಲಿಯಿಂದಲೇ ಬರಬೇಕಿತ್ತು. ಹಿಂದಿನ ದಿನವಷ್ಟೇ ಸೇರಿದ್ದ ನರ್ಸ್ ಒಬ್ಬಳು, ಕಲಿತ ಶುಚಿತ್ವದ ಪಾಠದಂತೆ, ಅದನ್ನು ಚೆಲ್ಲಿ ಬಾಟಲಿಯನ್ನು ಫಳಫಳ ಹೊಳೆಯುವಂತೆ ತೊಳೆದು ಕವುಚಿಟ್ಟಿದ್ದಳು.

“ಅಯ್ಯೋ, ನಾನೇ ಅವರನ್ನ ಕೊಂದ್‌ಬಿಟ್ಟೆ ಅಲ್ವಾ?” ಎಂದು ವಿಷಯ ತಿಳಿದ ನರ್ಸ್ ಅತ್ತಳು.

“ಅಳೋದು ಆಮೇಲೆ ಇರ್ಲಿ. ಈ ಮದ್ದು ಇನ್ಯಾರಿಗೆ ಕೊಡ್ತಿದಾರೆ, ಅದನ್ನ ಹೇಳು,” ಎಂದರು ಎನಿಡ್.

ಪಕ್ಕದ ವಾರ್ಡಿನಲ್ಲಿ ಮುಖದ ಹುಣ್ಣು ಮಾಯುತ್ತಿದ್ದ ದೋಣಿ ಕಟ್ಟುವ ಮುದುಕ ಜೆಫ್ಸನ್ ಇದ್ದರು. ಎನಿಡ್ ಅವರು ಬಾಟಲಿ ಹಿಡಿದು ಸಂಕೋಚವಿಲ್ಲದೆ ಕೇಳಿದರು.

“ಎಪ್ಪತ್ತು ವರ್ಷದಲ್ಲಿ ಯಾವ ಹುಡುಗೀನೂ ನನ್ನ ಹತ್ರ ಇದನ್ನ ಕೇಳಿರ್ಲಿಲ್ಲ ಕಣಮ್ಮ! ಮೊದ್ಲು ಟೀ ತರ್ಸು!”

ಟೀ ರೇಷನ್ನಿನ ಕಾಲ. ಆದರೂ ಇಡೀ ವಾರ್ಡು ತಂತಮ್ಮ ಕಪ್ಪುಗಳನ್ನು ಆ ಮುದುಕನ ಮುಂದೆ ಸಾಲಾಗಿಟ್ಟಿತು. ಮಧ್ಯಾಹ್ನಕ್ಕೆ ಬಾಟಲಿ ತುಂಬಿತು. ಸಂಜೆ ಆರಕ್ಕೆ ಎನಿಡ್ ಅವರು ಏದುಸಿರು ಬಿಡುತ್ತ ಮದ್ದಿನೊಡನೆ ಬಂದರು. ನೋರಾ ಬದುಕಿದರು. ಅಂದಿನ ಹಸುಗೂಸು ಈಗ ಎರಡು ಮಕ್ಕಳ ತಾಯಿ.

ಪ್ರಯೋಗಾಲಯದ ಅಂದಿನ ದಿನಚರಿಯಲ್ಲಿ ಎನಿಡ್ ಅವರ ಕೈಬರಹವಿದೆ: “ಬೆಳಗಿನ ಬಾಟಲಿ ದಾರಿಯಲ್ಲಿ ಬಿದ್ದು ಒಡೆಯಿತು. ತಪ್ಪು ನನ್ನದು.” ಮೇಲಧಿಕಾರಿಗಳ ಬೈಗುಳ ತಿಂದರು, ಆ ವರ್ಷದ ಬಡ್ತಿಯೂ ಕೈತಪ್ಪಿತು. ಮೂವತ್ತು ವರ್ಷ ಆ ನರ್ಸಿನ ಹೆಸರು ಅವರ ಬಾಯಿಂದ ಹೊರಡಲಿಲ್ಲ.

ಎನಿಡ್ ಅವರು ನೂರು ವರ್ಷ ಬಾಳಲಿ, ಎಳೆಯರಿಗೆ ತಮ್ಮ ಕೈಚಳಕ ಕಲಿಸುತ್ತಿರಲಿ. ಆದರೆ ದಿನಚರಿಯ ಆ ಸಾಲನ್ನು ಇನ್ನಾದರೂ ತಿದ್ದಬೇಕು. ಬಾಟಲಿ ಒಡೆದಿರಲಿಲ್ಲ. ಅದನ್ನು ಚೆಲ್ಲಿದವಳು ನಾನು.