ಗ್ರಾಂ ಗುರುಮಲ್ಲಪ್ಪ
ಅಂತರಿಕ್ಷಕ್ಕೆ ಸರಕು ಸಾಗಿಸುವ ಜೆ.ಪಿ. ನಗರದ ಖಾಸಗಿ ಕಂಪನಿಯೊಂದರಲ್ಲಿ ತೂಕ ನೋಡುವ ಗುರುಮಲ್ಲಪ್ಪನವರಿಗೆ ತೂಕ ಅಂದರೇನೇ ಆಗಿಬರುವುದಿಲ್ಲ. ರಾಕೆಟ್ಟಿನಲ್ಲಿ ಒಂದು ಕಿಲೋ ಮೇಲೇರಿಸಲು ಲಕ್ಷಗಟ್ಟಲೆ ಸುರಿಯಬೇಕಾದ್ದರಿಂದ, ಯಾರು ಏನೇ ತಂದಿಟ್ಟರೂ ಅವರದು ಒಂದೇ ಪ್ರಶ್ನೆ: "ಇದು ಬೇಕೇ ಬೇಕಾ ಸಾರ್?" ಸ್ಕ್ರೂಗಳ ತುದಿ ಕತ್ತರಿಸಿದರು, ಪೆಟ್ಟಿಗೆಯ ಬಣ್ಣ ಕೆರೆಸಿದರು, ಕೊನೆಗೆ ಕಂಪನಿಯ ಹೆಸರಿನ ಸ್ಟಿಕ್ಕರನ್ನೂ ಕಿತ್ತರು. ಆ ಚಾಳಿ ಪುಟ್ಟೇನಹಳ್ಳಿಯ ಮನೆಗೂ ಬಂತು. ಹಲ್ಲುಜ್ಜುವ ಬ್ರಷ್ಷಿನ ಹಿಡಿ ಅರ್ಧಕ್ಕೆ ತುಂಡಾಯಿತು. ಕೊತ್ತಂಬರಿ ಸೊಪ್ಪಿನ ಬೇರು ಗಾಡಿಯವನ ಕೈಗೇ ವಾಪಸಾಯಿತು. ತಾತನ ಕಾಲದ ದಪ್ಪ ಬೆಳ್ಳಿ ಕರಡಿಗೆ ಬೀರು ಸೇರಿ, ಕೊರಳ ಲಿಂಗ ತೆಳುಬಟ್ಟೆಯ ಗಂಟಿಗೆ ಬಂತು. "ನನ್ನನ್ನೂ ಒಂದಿನ ಕೆರೆದುಬಿಡ್ತೀರ ನೀವು" ಎಂದು ಹೆಂಡತಿ ನಂಜಮ್ಮಣ್ಣಿ ನಗುತ್ತಿದ್ದರು. ಅವರನ್ನು ಕೆರೆದದ್ದು ಕ್ಯಾನ್ಸರ್. ಮೂವತ್ತೈದು ಕಿಲೋಗಿಂತ ಕೆಳಗಿಳಿದರೆ ಔಷಧಿ ನಿಲ್ಲಿಸಬೇಕಾಗುತ್ತೆ ಎಂದರು ಡಾಕ್ಟರು. ಈಗ ಪ್ರತಿ ಸೋಮವಾರ ಆಸ್ಪತ್ರೆಗೆ ಹೊರಡುವ ಮುಂಚೆ ಗುರುಮಲ್ಲಪ್ಪ ಹೆಂಡತಿಗೆ ದಪ್ಪ ಸ್ವೆಟರ್ ತೊಡಿಸುತ್ತಾರೆ. ಬೀರುವಿನಿಂದ ಕರಡಿಗೆ ತೆಗೆದು, ಆಕೆಯ ಲಿಂಗವನ್ನು ಅದರಲ್ಲಿಟ್ಟು ಕೊರಳಿಗೆ ಕಟ್ಟುತ್ತಾರೆ. ಮೊನ್ನೆ ತೂಕದ ಮಷೀನಿನ ಹತ್ತಿರ ನರ್ಸ್ ಸ್ವೆಟರ್ ತೆಗೆಸಿದಳು. ಆಮೇಲೆ ಕರಡಿಗೆ ತೋರಿಸಿ, "ಅಂಕಲ್, ಇದು ಬೇಕೇ ಬೇಕಾ?" ಎಂದಳು. "ಬೇಕಮ್ಮ, ನಮ್ಮಲ್ಲಿ ಅದನ್ನ ಮೈಮೇಲಿಂದ ತೆಗೆಯೋ ಹಾಗಿಲ್ಲ" ಎಂದರು ಗುರುಮಲ್ಲಪ್ಪ. ಮಷೀನು ಮೂವತ್ತೈದು ಕಿಲೋ ನೂರು ಗ್ರಾಂ ತೋರಿಸಿತು, ನರ್ಸ್ ಬರೆದುಕೊಂಡಳು. ಕರಡಿಗೆಯದೇ ಇನ್ನೂರು ಗ್ರಾಂ ಅನ್ನುವುದು ಅಲ್ಲಿ ಗೊತ್ತಿದ್ದದ್ದು ಅವರೊಬ್ಬರಿಗೇ.