ಅವ್ವನ ಹೊಲಕ್ಕೆ ಹೊಸ ಮಷೀನು ಬೇಕಿತ್ತೆ?

ಅದು ಭಾನುವಾರ. ಅವ್ವ ಮಧ್ಯಾಹ್ನದ ಊಟ ಮುಗಿಸಿ, ಎಲೆ ಅಡಿಕೆ ಹಾಕಿಕೊಂಡು, ಟಿವಿ ಮುಂದೆ ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಜೋಳದ ರಾಶಿಗೆ ಕೂತಳು.

ನಿಜವಾದ ರಾಶಿಯಲ್ಲ. ಗೇಮ್ ಕನ್ಸೋಲಿನಲ್ಲಿ ಒಕ್ಕಲುತನದ ಆಟವೊಂದಿದೆ. ಟ್ರ್ಯಾಕ್ಟರ್ ಓಡಿಸಿ ಹೊಲ ಹರಗಬೇಕು, ಬಿತ್ತಬೇಕು, ಗೊಬ್ಬರ ಹಾಕಬೇಕು. ಬೆಳೆ ಬಂದ ಮೇಲೆ ದೊಡ್ಡದೊಂದು ಮಷೀನು ಇಳಿಸಿ ಕೊಯ್ಯಬೇಕು. ಎಪ್ಪತ್ತು ದಾಟಿದ ಅವ್ವ ಅದರಲ್ಲಿ ಒಂದು ಹೊಲ ಮಾಡಿದ್ದಳು. ಜೋಳ, ದ್ರಾಕ್ಷಿ, ನಾಲ್ಕಾರು ಕುರಿ. ಕೈಯಲ್ಲಿ ರಿಮೋಟು. (ಅದಕ್ಕೆ ಕಂಟ್ರೋಲರ್ ಅನ್ನಬೇಕಂತೆ. ನಮ್ಮ ಮನೆಯಲ್ಲಿ ಗುಂಡಿ ಇದ್ದದ್ದೆಲ್ಲ ರಿಮೋಟೇ.)

"ಯಪ್ಪಾ, ಇಲ್ಲಿ ಬಾ. ಈ ತೆನಿ ನೋಡು. ಕಾಳು ಕಾಣ್ತಾವೇನು?"

"ತೆನಿ ಕಾಣ್ತೈತಲ್ಲ ಬೇ."

"ತೆನಿ ಕಂಡ್ರ ಏನ್ ಬಂತು? ಕಾಳು ಬಲತಾವೋ ಇಲ್ಲೋ ಹೆಂಗ ತಿಳೀಬೇಕು? ಎಲ್ಲಾ ಮಸಕ್ ಮಸಕ್. ಆ ಅಂಗಡಿ ಹುಡುಗ ಹೇಳಿದ್ನಲ್ಲ, ಹೊಸಾದು ಬಂದೈತಿ ಅಂತ. ಅದನ್ನ ತರೂಣು."

ತಪ್ಪು ನನ್ನದಲ್ಲ, ಕಣ್ಣಿನ ಡಾಕ್ಟರದು. ಅದರ ಹಿಂದಿನ ತಿಂಗಳು ಅವ್ವನ ಎರಡೂ ಕಣ್ಣಿನ ಪೊರೆ ತೆಗೆಸಿದ್ದೆವು. ಅಲ್ಲಿಯವರೆಗೆ ಆಕೆಗೆ ಮಷೀನಿನ ಬಗ್ಗೆ ಒಂದು ದೂರೂ ಇರಲಿಲ್ಲ. ಕಣ್ಣು ಅಪ್‌ಗ್ರೇಡ್ ಆಯಿತು, ಮಷೀನು ಹಾಗೇ ಉಳಿಯಿತು.

ಸಂಜೆ ದೀಪ ಹಚ್ಚುವ ಹೊತ್ತಿಗೆ ಅರ್ಧ ಹೊಲ ಮುಗಿದಿತ್ತು. ಉಳಿದದ್ದನ್ನು ಮಂಗಳವಾರ ನೋಡೋಣ ಎಂದು ಅವ್ವ ಸೇವ್ ಮಾಡಿ ಎದ್ದಳು. ಸೋಮವಾರ ಯಾಕಲ್ಲ? ನಮ್ಮ ಕಡೆ ಸೋಮವಾರ ಎತ್ತು ಹೂಡುವುದಿಲ್ಲ. ಅದು ಬಸವಣ್ಣನ ವಾರ, ಎತ್ತಿಗೆ ರಜೆ. ಆಟದಲ್ಲಿ ಎತ್ತು ಎಲ್ಲಿವೆ, ಇರುವುದು ಟ್ರ್ಯಾಕ್ಟರ್ ಅಲ್ಲವೇ ಎಂದು ನಾನು ಒಮ್ಮೆ ಕೇಳಿದ್ದೆ. "ಟ್ಯಾಕ್ಟರ್ ಏನ್ ದುಡ್ಯೂದಿಲ್ಲೇನು?" ಎಂದು ಆಕೆ ತಿರುಗಿ ಕೇಳಿದ್ದಳು. ಇದಕ್ಕೆ ಉತ್ತರ ಗೊತ್ತಿದ್ದವರು ತಿಳಿಸಬಹುದು.

ಮಂಗಳವಾರ ಬೆಳಿಗ್ಗೆ ಸೊಲ್ಲಾಪುರ ರಸ್ತೆಯ ಆ ಗೇಮ್ ಅಂಗಡಿಗೆ ಹೋಗಿ ಹೊಸ ಮಷೀನು ನೋಡುವುದು, ಮಧ್ಯಾಹ್ನ ಬಂದು ಉಳಿದ ಜೋಳ ಕೊಯ್ಯುವುದು. ಹೀಗೆ ನಿರ್ಧಾರವಾಯಿತು.

ಸೋಮವಾರ ಬೆಳಿಗ್ಗೆ ಚಹಾ ತೆಗೆದುಕೊಂಡು ಹೋದ ನನ್ನ ಹೆಂಡತಿ ಕರೆದಳು. ಅವ್ವ ಏಳಲಿಲ್ಲ. ನಿದ್ದೆಯಲ್ಲೇ ಹೋಗಿದ್ದಳು.

ಮಂಗಳವಾರ ನಾವು ನಮ್ಮೂರು ತಿಕೋಟಾದ ನಿಜವಾದ ಹೊಲದಲ್ಲಿದ್ದೆವು. ಅಪ್ಪನ ಪಕ್ಕದಲ್ಲೇ ಮಣ್ಣು ಕೊಟ್ಟು ಬಂದೆವು.

ಕೆಲವು ವಾರ ಈ ಅಂಕಣ ಬರಲಿಲ್ಲ. ಕಾರಣ ಇದು. ಫೋನ್ ಮಾಡಿ ವಿಚಾರಿಸಿದವರಿಗೆಲ್ಲ "ಆರಾಮಿರಲಿಲ್ಲ" ಎಂದಿದ್ದೆ. ಅದೂ ಸುಳ್ಳಲ್ಲ.

ಈ ಗೇಮ್ ಮಷೀನನ್ನು ನಾನು ತಂದದ್ದು ನನಗಾಗಿ. ಬಿಪಿ ಇದೆ, ಏನಾದರೂ ಹವ್ಯಾಸ ಬೆಳೆಸಿಕೊಳ್ಳಿ ಎಂದು ಡಾಕ್ಟರು ಹೇಳಿದ್ದರು. ಅವರ ಮನಸ್ಸಿನಲ್ಲಿ ವಾಕಿಂಗ್ ಇದ್ದಿರಬೇಕು. ನಾನು ಫುಟ್‌ಬಾಲ್ ಆಟದ ಜೊತೆಗೆ ಒಕ್ಕಲುತನದ ಆಟದ ಡಿಸ್ಕನ್ನೂ ತಂದೆ. ಸೆಕೆಂಡ್ ಹ್ಯಾಂಡ್, ಅಗ್ಗ ಎಂಬ ಒಂದೇ ಕಾರಣಕ್ಕೆ. ಅವ್ವನಿಗೆ ಆಗಲೇ ಮಂಡಿ ಹೋಗಿತ್ತು. ತಿಕೋಟಾದ ಹೊಲವನ್ನು ದೊಡ್ಡಪ್ಪನ ಮಗನಿಗೆ ಲಾವಣಿಗೆ, ಅಂದರೆ ಗೇಣಿಗೆ, ಹಾಕಿ, ಆಕೆಯನ್ನು ವಿಜಯಪುರದ ನಮ್ಮ ಮನೆಗೆ ಕರೆತಂದಿದ್ದೆ. ಇಡೀ ದಿನ ಕಾಂಪೌಂಡಿನಲ್ಲಿ ಕೂತು ದಾರಿಯಲ್ಲಿ ಹೋಗುವ ಟ್ರ್ಯಾಕ್ಟರುಗಳಲ್ಲಿ ಏನು ತುಂಬಿದೆ ಎಂದು ನೋಡುತ್ತಿದ್ದಳು.

ನಾನು ಮೊದಲ ಸಲ ಹರಗುವಾಗ ಹಿಂದೆ ಬಂದು ನಿಂತಳು.

"ನಿಮ್ಮಪ್ಪ ನೋಡಿದ್ರ ಬಾರಕೋಲ ತಗೊಂತಿದ್ದ. ಇವೇನ್ ಸಾಲು ಏನ್ ಹಾವು ಹರದ ದಾರಿ? ತಾ ಇಲ್ಲಿ."

ರಿಮೋಟು ಕೊಟ್ಟೆ. ಮತ್ತೆ ಅದು ನನ್ನ ಕೈಗೆ ಬರಲಿಲ್ಲ. ಬಿಪಿ ಹಾಗೇ ಇದೆ.

ಐದನೇ ದಿನದ ಕಾರ್ಯ ಮುಗಿದು ನೆಂಟರೆಲ್ಲ ಹೋದ ಮೇಲೆ ಶಾಂತಕ್ಕ ಒಬ್ಬಳೇ ಉಳಿದಳು. ನನ್ನ ಒಡಹುಟ್ಟಿದ ಅಕ್ಕ, ನಿಡೋಣಿಗೆ ಮದುವೆ ಮಾಡಿ ಕೊಟ್ಟದ್ದು. ಈಗಲೂ ಸ್ವತಃ ಹೊಲಕ್ಕೆ ಹೋಗುವವಳು. ಅವ್ವ ದಿನಾ ಫೋನಿನಲ್ಲಿ ಆಕೆಗೆ ಈ ಹೊಲದ ಸುದ್ದಿ ಹೇಳುತ್ತಿದ್ದಳಂತೆ. ನಿಡೋಣಿಯ ಹೊಲದ ಸುದ್ದಿ ಆಕೆ, ಟಿವಿಯ ಹೊಲದ ಸುದ್ದಿ ಈಕೆ.

"ತಮ್ಮಾ, ಅವ್ವನ ಜ್ವಾಳ ಅರ್ಧಾ ಉಳದೈತಂತಲ್ಲ?"

"ಹೌದು."

"ಹಂಗ ಬಿಡಬಾರ್ದು. ಅಪ್ಪ ಹೋದಾಗ ನೆನಪೈತಿಲ್ಲೋ? ಓಣಿ ಮಂದಿ ಎಲ್ಲಾ ಬಂದು ಒಂದ ದಿನದಾಗ ಕೊಯ್ದ ಕೊಟ್ಟ ಹೋದ್ರು. ಸತ್ತವರ ಬೆಳಿ ನಿಂದರಸಬಾರ್ದು. ಹಚ್ಚು ಅದನ್ನ."

ನೆನಪಿತ್ತು. ಮನೆಯ ಯಜಮಾನ ಹೋದರೆ ನಿಂತ ಬೆಳೆಯನ್ನು ಉಳಿದವರು ಸೇರಿ ಕೊಯ್ದು ಕೊಡಬೇಕು. ನಮ್ಮಲ್ಲಿ ಯಾರೂ ಕರೆಯುವುದಿಲ್ಲ, ತಾವಾಗಿ ಕುಡುಗೋಲು ತೆಗೆದುಕೊಂಡು ಬರುತ್ತಾರೆ. ಅದು ಟಿವಿಗೂ ಅನ್ವಯಿಸುತ್ತದೆಯೇ? ಶಾಂತಕ್ಕನ ಮುಖ ನೋಡಿದೆ. ಅನ್ವಯಿಸುತ್ತದೆ.

ನನಗೆ ಆ ಬೆಳೆ ಹಾಗೇ ನಿಂತಿರಲಿ ಎಂದೇ ಇತ್ತು. ಆಟದಲ್ಲಿ ಒಂದು ಅನುಕೂಲವಿದೆ. ಆಡದಿದ್ದರೆ ಅಲ್ಲಿ ಕಾಲ ಮುಂದೆ ಹೋಗುವುದಿಲ್ಲ. ಹಕ್ಕಿ ತಿನ್ನುವುದಿಲ್ಲ, ಕಾಳು ಉದುರುವುದಿಲ್ಲ. ಅವ್ವ ಎಲ್ಲಿಗೆ ನಿಲ್ಲಿಸಿದ್ದಳೋ ಕೊಯ್ಯುವ ಮಷೀನು ಅಲ್ಲೇ ನಿಂತಿರುತ್ತದೆ. ನಾವು ಹೋಗುವವರೆಗೂ ಭಾನುವಾರವೇ. ಇಂಥ ಸವಲತ್ತು ಬೇರೆ ಎಲ್ಲಿದೆ? ಆದರೆ ಇದನ್ನು ಅಕ್ಕನಿಗೆ ಹೇಳಲಾಗಲಿಲ್ಲ. ಹಚ್ಚಿದೆ.

ಹೊಲ ಬಂತು. ಮಷೀನಿನ ಫ್ಯಾನು ಬರ್‍ರ್ ಎಂದು ಸದ್ದು ಮಾಡಿತು. ಎರಡು ಸಾಲು ದಾಟುವ ಮೊದಲೇ ಬಿಸಿಯಾಗಿದೆ ಎಂದು ತೋರಿಸಿ ತಾನಾಗಿ ಆಫ್ ಆಯಿತು. ಇನ್ನೊಮ್ಮೆ ಹಚ್ಚಿದೆ. ಇನ್ನೊಮ್ಮೆ ಆಫ್.

"ಇದು ಅವತ್ತಿಂದ್ಲೂ ಹಿಂಗ ಒದರಾಕತ್ತೈತಿ, ಈಗ ಪೂರಾ ಬಂದ್ ಆತು," ಎಂದಳು ಹೆಂಡತಿ ಅಡುಗೆಮನೆಯಿಂದ. ಯಾವತ್ತಿನಿಂದ ಎಂದು ಯಾರೂ ಕೇಳಲಿಲ್ಲ.

ಶಾಂತಕ್ಕ ಸಂಜೆಯ ಬಸ್ಸಿಗೆ ಹೊರಟಳು. "ರಿಪೇರಿ ಮಾಡಸು, ಇಲ್ಲಾ ಹೊಸಾದು ತಾ. ನಾ ಮತ್ತ ಬರ್ತೇನಿ," ಎಂದು ಅಪ್ಪಣೆ ಕೊಟ್ಟಳು.

ಹಾಗಾಗಿ ಅವ್ವ ಹೋಗಬೇಕಿದ್ದ ಅಂಗಡಿಗೆ ನಾನೊಬ್ಬನೇ ಹೋದೆ. ಮಷೀನು ಟವೆಲಿನಲ್ಲಿ ಸುತ್ತಿತ್ತು.

ಅಂಗಡಿಯ ಸಚಿನ್ ಮೂವತ್ತರ ಆಸುಪಾಸಿನವನು. ಸುದ್ದಿ ಗೊತ್ತಿರಲಿಲ್ಲ. "ಆಯಿ ಬರಲಿಲ್ಲೇನ್ರಿ ಕಾಕಾ?" ಎಂದ. ಹೇಳಿದೆ. ಅವನು ಕುರ್ಚಿಯಿಂದ ಎದ್ದು ನಿಂತ. ಮತ್ತೆ ಕೂರಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು.

ಆಮೇಲೆ ವ್ಯಾಪಾರ. ಓದುಗರಿಗೆ ಉಪಯೋಗವಾಗಲಿ ಎಂದು ಬರೆಯುತ್ತೇನೆ. ಈ ಕಂಪನಿಗಳು ಕೆಲವು ವರ್ಷಕ್ಕೊಮ್ಮೆ ಪೂರಾ ಹೊಸ ತಲೆಮಾರಿನ ಮಷೀನು ತರುತ್ತವೆ. ಅದರ ನಡುವೆ, ಇದ್ದದ್ದನ್ನೇ ಸ್ವಲ್ಪ ಜೋರು ಮಾಡಿ, ಪ್ರೊ ಎಂದೋ ಇನ್ನೇನೋ ಹೆಸರಿಟ್ಟು ಮಾರುತ್ತವೆ. ಆಟಗಳು ಅವೇ. ಚಿತ್ರ ಸ್ವಚ್ಛ, ಓಟ ನುಣುಪು, ಒಳಗೆ ಜಾಗ ಜಾಸ್ತಿ. ರೇಟೂ ಜಾಸ್ತಿ. ಮಗಳಿಗೆ ವರ ನೋಡಿ ಒಪ್ಪಿದ ಮೇಲೆ, ಅದೇ ಹುಡುಗ ಹೊಸ ಅಂಗಿ ಹಾಕಿಕೊಂಡು ಮತ್ತೆ ನೋಡಲು ಬಂದ ಹಾಗೆ.

"ಫರಕ್ ಕಾಣ್ತೈತೇನಪ್ಪಾ?" ಎಂದೆ.

"ದೊಡ್ಡ ಫೋರ್‌ಕೆ ಟಿವಿ ಇದ್ರ ಕಾಣ್ತೈತ್ರಿ. ಅದೂ ಸನ್ಯಾಕ ಕುಂತ್ರ. ನಿಮ್ಮ ಟಿವಿಗೆ ಅಷ್ಟಕ್ಕಷ್ಟ. ತೋರಸ್ತೇನಿ ಬರ್‍ರಿ."

ಹೊಸ ಮಷೀನನ್ನು ಪುಣೆಯಿಂದ ತರಿಸಿ, ಗೋಡೆಯಷ್ಟು ದೊಡ್ಡ ಟಿವಿಗೆ ಜೋಡಿಸಿಟ್ಟಿದ್ದ. ಅದೇ ಒಕ್ಕಲುತನದ ಆಟ ಹಚ್ಚಿದ. ಜೋಳದ ಹೊಲಕ್ಕೆ ಕರೆದೊಯ್ದ. ಕ್ಯಾಮೆರಾವನ್ನು ತೆನೆಯ ಹತ್ತಿರ ಒಯ್ದ.

ಕಾಳು ಕಾಣುತ್ತಿದ್ದವು. ಒಂದೊಂದೂ.

ನಾನು ನೋಡುತ್ತ ನಿಂತೆ. ಚೆನ್ನಾಗಿತ್ತು. ಚೆನ್ನಾಗಿಲ್ಲ ಎಂದು ಹೇಳಲು ಬರುವುದಿಲ್ಲ. ಆದರೆ ಅದು ಸಚಿನ್‌ನ ಹೊಲ. ಸಾಲುಗಳು ನನ್ನವಕ್ಕಿಂತ ಸೊಟ್ಟಗಿದ್ದವು.

"ನಮ್ಮವ್ವನ ಹೊಲಾ ಇದಕ್ಕ ಬರ್ತೈತೇನು?"

"ಸೇವ್ ಬರ್ತೈತ್ರಿ, ಅದೇನ್ ತ್ರಾಸಿಲ್ಲ. ಆದ್ರ ನಿಮ್ದು ಡಿಸ್ಕಲ್ರಿ? ಇದಕ್ಕ ಡಿಸ್ಕ್ ಹಾಕೋ ಬಾಯಿನ ಇಲ್ಲ. ಬೇರೆ ತಗೊಂಡು ಬಾಜೂಕ ಸಿಗಿಸಬೇಕು."

ಅಂದರೆ ಹೆಚ್ಚು ಹಣ ಕೊಟ್ಟು ಬಾಯಿಲ್ಲದ್ದನ್ನು ತರಬೇಕು, ಆಮೇಲೆ ಇನ್ನಷ್ಟು ಕೊಟ್ಟು ಬಾಯಿ ತರಬೇಕು. ಇದನ್ನು ಅವ್ವನಿಗೆ ಹೇಗೆ ವಿವರಿಸುತ್ತಿದ್ದೆನೋ ಗೊತ್ತಿಲ್ಲ.

ಹಳೆಯದನ್ನು ಒಮ್ಮೆ ಬಿಚ್ಚಿ ನೋಡು ಎಂದೆ. ಬಿಚ್ಚಿದ. ಟಾರ್ಚ್ ಬಿಟ್ಟ. ಚಿಮಟಿಗೆಯಿಂದ ಏನನ್ನೋ ಹಿಡಿದು ಎತ್ತಿದ. ಮೂಸಿ ನೋಡಿದ.

"ಕಾಕಾ, ಇದೇನ್ರಿ?"

ನೋಡಿದೆ. ಒಣಗಿ ಕಲ್ಲಾದ ಸಜ್ಜಿ ಕಡಬಿನ ತುಣುಕು. ಅದರ ಹಿಂದೆ ಪಲ್ಯದಂಥದ್ದು. ಫ್ಯಾನಿನ ಎಸಳಿಗೆ ಅಂಬಲಿ ಒಣಗಿ ಹಕ್ಕಳೆ ಕಟ್ಟಿತ್ತು. ಅದನ್ನು ಹುಡುಕಿಕೊಂಡು ಬಂದಿದ್ದ ಇರುವೆಗಳು ಅಲ್ಲೇ ತೀರಿಕೊಂಡಿದ್ದವು.

"ಚರಗ," ಎಂದೆ.

"ಆಂ?"

"ಎಳ್ಳಮವಾಸಿ ಚರಗ. ಅವ್ವ ಚೆಲ್ಯಾಳ."

ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋಗಿ, ಭೂಮಿತಾಯಿಗೆ ಪೂಜೆ ಮಾಡಿ, ಅಡುಗೆಯನ್ನು ಕಲಸಿ ಬೆಳೆಯ ಮೇಲೆ ನಾಲ್ಕೂ ದಿಕ್ಕಿಗೆ ಚೆಲ್ಲುವುದು ನಮ್ಮ ಕಡೆಯ ಪದ್ಧತಿ. ಈ ಸಲ ಮಂಡಿ ನೋವಿನಿಂದ ಅವ್ವ ತಿಕೋಟಾಕ್ಕೆ ಬರಲಿಲ್ಲ. ನಾವು ಹೋಗಿ ಬಂದೆವು. ಬಂದಾಗ ಟಿವಿ ಸುತ್ತ ನೆಲವೆಲ್ಲ ಒರೆಸಿತ್ತು. ಯಾಕೆ ಎಂದು ಕೇಳಲು ನಮಗೆ ಹೊಳೆಯಲಿಲ್ಲ. ತನ್ನ ಹೊಲಕ್ಕೆ ತಾನು ಚರಗ ಚೆಲ್ಲಿದ್ದಳು. ಹೊಲ ಇದ್ದದ್ದು ಆ ಡಬ್ಬಿಯೊಳಗೆ. ಅಲ್ಲಿಗೇ ತಲುಪಿಸಿದ್ದಳು. ಗಾಳಿ ಆಡಲು ಕಂಪನಿ ಬಿಟ್ಟ ಸಂದುಗಳಿಂದ. ಹೆಂಡತಿ ಹೇಳಿದ 'ಅವತ್ತು' ಅದೇ.

ಸಚಿನ್ ಆ ತುಣುಕನ್ನು ಎಲ್ಲಿ ಹಾಕಬೇಕೆಂದು ತಿಳಿಯದೆ ಚಿಮಟಿಗೆಯಲ್ಲೇ ಹಿಡಿದು ಕೂತಿದ್ದ. ಕಸದ ಬುಟ್ಟಿ ಕಾಲ ಬಳಿಯೇ ಇತ್ತು. ಕೊನೆಗೆ ಎದ್ದು ಹೊರಗೆ ಹೋಗಿ ಬೇವಿನ ಮರದ ಬುಡದಲ್ಲಿಟ್ಟು ಬಂದ.

"ಸ್ವಚ್ಛ ಮಾಡಿದ್ರ ಇದು ಇನ್ನೂ ನಡೀತೈತ್ರಿ. ಹೊಸಾದು ನಾ ಮಾರವ, ಆದರೂ ಹೇಳಾಕತ್ತೇನಿ. ಯಾರ್ ಆಡವ್ರು ಈಗ?"

ಅದೇ ಪ್ರಶ್ನೆ. ಎಲ್ಲ ಅಪ್‌ಗ್ರೇಡಿಗೂ ಅದೇ ಪ್ರಶ್ನೆ ಇರಬೇಕು. ಹೊಸದು ಒಳ್ಳೆಯದೇ? ಒಳ್ಳೆಯದು. ಫರಕು ಇದೆಯೇ? ಇದೆ. ಆ ಫರಕು ಯಾರ ಕಣ್ಣಿಗೆ ಬೇಕಾಗಿತ್ತು? ನನಗೆ ತೆನೆ ಕಂಡರೆ ಸಾಕು. ಕಾಳು ಬಲಿತಿವೆಯೋ ಇಲ್ಲವೋ ನೋಡಿ ಹೇಳುವ ವಿದ್ಯೆ ನನಗಿಲ್ಲ. ನನ್ನಂಥವನು ಪ್ರೊ ತಂದರೆ ಮಸುಕಾದ ಅಜ್ಞಾನ ಸ್ವಚ್ಛವಾಗಿ ಕಾಣುತ್ತದೆ, ಅಷ್ಟೆ.

ಸ್ವಚ್ಛ ಮಾಡಿಸಿ ಮನೆಗೆ ತಂದೆ.

ಶಾಂತಕ್ಕ ಹೇಳಿದ ಹಾಗೆ ಬಂದಳು. ಬುತ್ತಿಯಲ್ಲಿ ರೊಟ್ಟಿ, ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ. ಸೆರಗು ಸೊಂಟಕ್ಕೆ ಸಿಕ್ಕಿಸಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಳು. ಮಷೀನು ಸದ್ದಿಲ್ಲದೆ ಹತ್ತಿತು. ಗುಂಡಿಗಳನ್ನು ತೋರಿಸಿದೆ. ಆಕೆ ಮೊದಲು ಬೇಲಿಗೆ ಗುದ್ದಿದಳು. ನಂತರ ಕುರಿ ದೊಡ್ಡಿಗೆ.

"ಏ, ಇದು ಹೇಳಿದ ಮಾತ ಕೇಳವಲ್ದು ತಮ್ಮಾ!"

"ನೀ ಒತ್ತಿದ್ದನ್ನ ಕೇಳಾಕತ್ತೈತಿ ಅಕ್ಕಾ."

"ಹಂಗಾರ ನಿನಗಿಂತ ಪಾಡು ಬಿಡು."

ಸಾಲು ಹಿಡಿಯಿತು. ಜೋಳ ಬೀಳತೊಡಗಿತು. ಅಲ್ಲಲ್ಲಿ ಪಟ್ಟಿ ಪಟ್ಟಿ ಉಳಿಯಿತು. ಉದುರಿದ ತೆನೆ ಆಯಲು ಬರುವುದಿಲ್ಲವೇ ಎಂದು ಕೇಳಿದಳು. ಇಲ್ಲ ಎಂದೆ. "ಹಕ್ಕಲಾ ಆಯೂದಿಲ್ಲಂದ್ರ ಇದೆಂಥಾ ಒಕ್ಕಲತನ," ಎಂದು ಬೈದಳು. ಯಾರನ್ನೋ ಗೊತ್ತಿಲ್ಲ.

ಕೊನೆಯ ಸಾಲಿಗೆ ನನ್ನ ಕೈಗೆ ಕೊಟ್ಟಳು. ಮಗ ಮುಗಿಸಬೇಕಂತೆ. ಕೊಯ್ಯುವ ಮಷೀನನ್ನು ಸಾಲಿನ ತಲೆಗೆ ತಂದು ನಿಲ್ಲಿಸಿದೆ. ಅಷ್ಟೇ ಉಳಿದಿತ್ತು. ಮುಂದೆ ಒತ್ತಲು ಆಗಲಿಲ್ಲ.

"ಯಾಕ ನಿಂದರಿಸಿದಿ?"

"ಇದೊಂದು ಇರ್ಲಿ ಅಕ್ಕಾ. ಅವ್ವ ಬಿಟ್ಟಿದ್ದು."

ಶಾಂತಕ್ಕ ಟಿವಿ ನೋಡುತ್ತಲೇ ಹೇಳಿದಳು. "ಅವ್ವ ಬಿಟ್ಟಿದ್ದಲ್ಲೋ. ಮಂಗಳವಾರ ಕೊಯ್ಯೂಣಂತ ಇಟ್ಟಿದ್ದು."

ಒತ್ತಿದೆ. ಮಷೀನು ಸಾಲಿನ ಆ ಕಡೆಗೆ ಹೋಗಿ ನಿಂತಿತು. ಸೇವ್ ಮಾಡಲೇ ಎಂದು ಆಟ ಕೇಳಿತು. ಅಕ್ಕ "ಏನಂತೈತಿ?" ಎಂದಳು. ಹೇಳಿದೆ. "ಮಾಡು," ಎಂದಳು. ಆಮೇಲೆ ಇಬ್ಬರೂ ರೊಟ್ಟಿ ತಿಂದೆವು. ಹಿಂಡಿ ಖಾರ ಇತ್ತು. ಕಣ್ಣಲ್ಲಿ ನೀರು ಬರಲು ಒಳ್ಳೆಯ ಕಾರಣ.

ಬಸ್ ಸ್ಟ್ಯಾಂಡಿಗೆ ಬಿಡಲು ಹೋದಾಗ, ಆ ಹೊಲಕ್ಕೆ ಮುಂದೇನು ಹಾಕೋಣ ಎಂದು ಕೇಳಿದೆ.

"ನಿಡೋಣಿ ಹೊಲಕ್ಕಾದ್ರ ಹೇಳ್ತೇನಿ. ಅವ್ವನ ಹೊಲದ ಮಣ್ಣು ನನಗೇನ್ ಗೊತ್ತು?" ಎಂದು ಬಸ್ಸು ಹತ್ತಿದಳು.

ನಿನ್ನೆ ಮತ್ತೆ ಹಚ್ಚಿ ನೋಡಿದೆ. ಮಷೀನು ತಂಪಾಗಿ ನಡೆಯುತ್ತಿದೆ, ಸದ್ದಿಲ್ಲ. ಟ್ರ್ಯಾಕ್ಟರಿಗೆ ಡೀಸೆಲ್ ತುಂಬಿದೆ, ಗೋದಾಮಿನಲ್ಲಿ ಬೀಜ ಇದೆ. ಅಪ್‌ಗ್ರೇಡ್ ಮಾಡಬೇಕೇ ಎಂದು ಕೇಳಿದರೆ, ಸದ್ಯಕ್ಕೆ ಬೇಡ.

ಹೊಲ ಖಾಲಿ ಬಿದ್ದಿದೆ, ಏನು ಬಿತ್ತಬೇಕೆಂದು ಹೇಳಲು ಅವ್ವ ಇಲ್ಲ.